ಕೊಟ್ಟಿಗೆಯ ಮೋಟಾರ್ ಸೈಕಲ್

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳನ್ನು ಅಮ್ಮ ದೇವರ ಗೂಡಿನಲ್ಲಿ ಇಟ್ಟಿದ್ದಳು. ಅಲ್ಲಿಂದ ತೆಗೆ ಎಂದು ಅವಳ ಜೊತೆಗೂ ವಾದ ಹೂಡಿದ್ದೆ. ವಾದಿಸದೆ ನನಗೆ ತಿಂದದ್ದು ಅರಗುತ್ತಿರಲಿಲ್ಲ.

ಕೊಡಿಗೇಹಳ್ಳಿಯ ನಮ್ಮ ಮನೆಗೆ ಆ ಮೋಟಾರ್ ಸೈಕಲ್ ಬಂದದ್ದು ಎತ್ತಿನಗಾಡಿಯ ಮೇಲೆ. ಯುದ್ಧದ ಕಾಲದಲ್ಲಿ ಸಿಪಾಯಿಗಳು ಓಡಿಸಿ ಬಿಟ್ಟದ್ದು. ಯಲಹಂಕದ ಕಡೆಯ ನಿವೃತ್ತ ಹವಾಲ್ದಾರರೊಬ್ಬರ ಹಿತ್ತಲಲ್ಲಿ ಅದರ ಸೀಟಿನ ಮೇಲೆ ಕೋಳಿ ಮಲಗುತ್ತಿತ್ತು. ಕೊಂಡು ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದೆ. ಹಸುವನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದೆವು. ಬೇಸಿಗೆ ರಜೆಯುದ್ದಕ್ಕೂ ತುಕ್ಕು ಉಜ್ಜಿದೆ, ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ, ಕಾರ್ಬೊರೇಟರ್ ಬಿಚ್ಚಿ ಅಪ್ಪನ ಹಳೇ ಪಂಚೆಯ ಮೇಲೆ ಹರಡಿದೆ. ಹುಲ್ಲು ಒಯ್ಯಲು ಬಂದ ತಂಗಿ ನಿಂತು ನೋಡಿದರೆ ಸಾಕು, ಭಾಷಣ ಶುರು. ‘ಇದು ನಲ್ಲಿ ಕಣೇ. ತಿರುಗಿಸಿದ್ರೆ ಟ್ಯಾಂಕಿಂದ ಪೆಟ್ರೋಲ್ ಇಳಿಯುತ್ತೆ.’ ಅವಳು ‘ಹೂಂ’ ಎಂದು ಹುಲ್ಲು ಎತ್ತಿಕೊಂಡು ಹೋಗುತ್ತಿದ್ದಳು.

ಅದೇ ಬೇಸಿಗೆ ಅವಳಿಗೊಂದು ಸಂಬಂಧ ಬಂತು. ಹುಡುಗ ನನ್ನ ಸಹಪಾಠಿ, ಚರ್ಚಾವೇದಿಕೆಯಲ್ಲಿ ನನ್ನ ಜೋಡಿ. ಬೇಡ ಎನ್ನಲು ನನಗೆ ಒಂದು ಕಾರಣವೂ ಕಾಣಲಿಲ್ಲ. ಆದರೆ ಜಾತಕ ಕೂಡಲಿಲ್ಲ, ಅಪ್ಪ ಬೇಡವೆಂದು ಕೈ ಆಡಿಸಿಬಿಟ್ಟ. ನಾನು ಬಿಡುವವನೇ? ಒಂದು ಸಂಜೆ ಜಗಲಿಯ ಮೇಲೆ ನೆರೆಯವರೆಲ್ಲ ಕೂತಿರುವಾಗಲೇ ಎತ್ತಿದೆ.

‘ಗ್ರಹಗಳಿಗೆ ನಮ್ಮನೆ ಉಸಾಬರಿ ಯಾಕಪ್ಪ? ನನ್ ಗಾಡೀನೂ ಅಷ್ಟೇ. ಪೂಜೆ ಬೇಡ, ನಿಂಬೆಹಣ್ಣು ಬೇಡ, ಹಂಗೇ ಓಡ್ಸಿ ತೋರಿಸ್ತೀನಿ. ಓಡಿದ್ರೆ ಜಾತಕ ಪಕ್ಕಕ್ಕಿಡ್ತೀಯಾ?’

‘ಆಯ್ತು ಇಡಾನ’ ಎಂದ ಅಪ್ಪ. ‘ಓಡ್ದೆ ಓದ್ರೆ?’

‘ಜಾತಕ ನಿಜ ಅಂತ ಒಪ್ಕೋತೀನಿ.’

ಎದುರು ಪಕ್ಷದವರು ಇಂಥ ತರ್ಕ ಹೂಡಿದ್ದರೆ ಅವರನ್ನು ನಗಿಸಿ ನಗಿಸಿಯೇ ಕೆಡವುತ್ತಿದ್ದೆ. ಅಂದು ಚಪ್ಪಾಳೆ ನಿರೀಕ್ಷಿಸಿದೆ.

ಭಾನುವಾರ ಬೆಳಗ್ಗೆ ಅರ್ಧ ಊರು ಅಂಗಳದಲ್ಲಿತ್ತು. ಕಿಕ್ಕರ್ ಒದ್ದೆ. ಮತ್ತೆ ಒದ್ದೆ. ಷರಟು ಬೆನ್ನಿಗೆ ಅಂಟಿತು, ಇಂಜಿನ್ ಕೆಮ್ಮಲೂ ಇಲ್ಲ.

‘ಏ ಲಾಯರಪ್ಪ, ಅದ್ರ ಜೊತೆ ವಾದ ಮಾಡ್ನೋಡು’ ಎಂದ ಎದುರುಮನೆಯ ಮುದುಕ. ‘ಇಲ್ಲಾಂದ್ರೆ ಏಳು, ಎತ್ತು ಕಟ್ಟಾನ.’

ಕೊನೆಗೆ ಅಮ್ಮ ಬಂದು ದೀಪದ ಬುರುಡೆಗೆ ಕುಂಕುಮವಿಟ್ಟು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದೆ. ತಗ್ಗಿಸಿದ್ದಕ್ಕೇ ಕಂಡಿತು: ನಲ್ಲಿ ಮುಚ್ಚಿತ್ತು. ಮೆಲ್ಲಗೆ ತಿರುಗಿಸಿದೆ. ಅಮ್ಮ ಕರ್ಪೂರ ಬೆಳಗಿ ಸರಿದ ಮೇಲೆ ಒದ್ದೆ. ಒಂದೇ ಒದೆತಕ್ಕೆ ಗಾಡಿ ಗುಡುಗಿತು, ಗೇಣು ಮುಂದೆ ಜರುಗಿತು, ನಿಂಬೆಹಣ್ಣು ಅಪ್ಪಚ್ಚಿಯಾಯಿತು. ‘ಗೋವಿಂದಾ!’ ಎಂದು ಊರು ಕೂಗಿತು.

ಸುಮ್ಮನಿದ್ದರೆ ದೇವರು ಗೆಲ್ಲುತ್ತಾನೆ, ಬಾಯಿಬಿಟ್ಟರೆ ನಾನು ದಡ್ಡನಾಗುತ್ತೇನೆ. ಇಂಜಿನ್ ಸದ್ದಿನ ಮೇಲೆ ಕಿರುಚಿದೆ: ‘ನಲ್ಲಿ ಮುಚ್ಚಿತ್ತು! ಈಗ ತಿರುಗಿಸಿದ್ದು ನಾನು!’

‘ಸೋತೋರೆಲ್ಲ ಇಂಗೇ ಅನ್ನೋದು’ ಎಂದು ಅಪ್ಪ ನಕ್ಕ.

ನನಗೆ ಸಾಕ್ಷಿ ಬೇಕಾಗಿತ್ತು. ತಂಗಿ ಬಾಗಿಲಲ್ಲಿ ನಿಂತಿದ್ದಳು. ‘ನೀನು ನೋಡ್ದೆ ಅಲ್ವೇನೇ? ಇವ್ರಿಗೆ ಹೇಳು!’

ಪಂದ್ಯ ಏನೆಂದು ಎಲ್ಲರಿಗೂ ಗೊತ್ತಿತ್ತು. ಅಷ್ಟೂ ಮುಖಗಳು ಅವಳ ಕಡೆ ತಿರುಗಿದವು. ಯಾರೋ ಹೆಂಗಸು, ‘ನೋಡಿದ್ರೆ ಏಳಮ್ಮ, ಅಷ್ಟೊಂದು ಆಸೆನಾ ಮದ್ವೆಗೆ?’ ಎಂದಳು. ನಗು ಎದ್ದಿತು. ತಂಗಿಯ ಕಿವಿ ಕೆಂಪಾದದ್ದು ನಾನಿದ್ದಲ್ಲಿಗೇ ಕಂಡಿತು. ಅವಳು ಒಳಗೆ ಹೋದಳು.

ಗುಡುಗುತ್ತಿದ್ದ ಗಾಡಿಯನ್ನು ಹಾಗೇ ಬಿಟ್ಟು ಅವಳ ಹಿಂದೆ ಹೋದೆ. ಅಡುಗೆಮನೆಯಲ್ಲಿ ಮೊರ ಹಿಡಿದು ಕೂತಿದ್ದಳು.

‘ನೋಡಿದ್ದೆ’ ಎಂದಳು ತಲೆ ಎತ್ತದೆ. ‘ನೀನು ಮೊದ್ಲು ಒದೆಯೋವಾಗ್ಲೇ ನೋಡಿದ್ದೆ, ಮುಚ್ಚಿತ್ತು.’

‘ಮತ್ತೆ ಹೇಳೋದಲ್ವಾ?’

‘ಯಾಕೇಳ್ಬೇಕು? ಗಾಡಿ ಓಡಿದ್ರೆ ನಾನು ಅವನ್ನ ಕಟ್ಕೋಬೇಕಿತ್ತು. ಊಟಕ್ಕೆ ಬಂದಾಗ ಕಂಡಿಲ್ವಾ ನಾನು? ಸಾರಿಗೆ ಉಪ್ಪು ಸಾಕಾ ಅಂದ್ರೂ ವಾದ ಮಾಡ್ದ. ನಿನ್ ಥರದೋನು ಮನೇಲಿ ಒಬ್ಬ ಸಾಲದಾ?’

‘ನನಗೆ ಒಂದು ಮಾತು ಹೇಳಿದ್ರೆ...’

‘ನೀನು ಕೇಳಿದ್ದು ಯಾವಾಗಣ್ಣ?’

ವಿಷಯದ ಪರವಾಗಿ, ವಿರುದ್ಧವಾಗಿ, ಎರಡೂ ಕಡೆ ಮಾತಾಡಬಲ್ಲೆನೆಂದು ಬೀಗುತ್ತಿದ್ದ ನಾನು, ಇಷ್ಟು ದಿನ ಅವಳ ಪರವಾಗಿ ಮಾತಾಡಿದ್ದೆ, ಅವಳೊಡನೆ ಆಡಿರಲಿಲ್ಲ. ಆಡಿದ್ದೆಲ್ಲ ನಲ್ಲಿ, ಪ್ಲಗ್ಗು, ಚೈನು.

ಹೊರಗಿಂದ ಅಮ್ಮ ಕೂಗಿದಳು: ‘ಲೋ, ಹಸು ಬೆದರ್ತಾ ಐತೆ, ಆರ್ಸೋ ಅದನ್ನ!’

ಹೋಗಿ ನಲ್ಲಿ ಮುಚ್ಚಿದೆ. ಕಾರ್ಬೊರೇಟರಿನಲ್ಲಿ ಉಳಿದಿದ್ದ ಪೆಟ್ರೋಲ್ ತೀರುವವರೆಗೂ ಇಂಜಿನ್ ಓಡುತ್ತಲೇ ಇತ್ತು. ಅಷ್ಟು ಹೊತ್ತೂ ಊರು ನನ್ನನ್ನೇ ನೋಡುತ್ತಿತ್ತು. ನಾನು ಅಪ್ಪಚ್ಚಿಯಾದ ನಿಂಬೆಹಣ್ಣನ್ನು ನೋಡುತ್ತ ನಿಂತಿದ್ದೆ.