ಎಡಗಡೆಯ ವಿಮಾನ

ಮೊನ್ನೆ ಉತ್ತರಹಳ್ಳಿಯ ಈ ಬಾಡಿಗೆ ಮನೆಗೆ ಕರ್ಟನ್ ಕಂಬಿ ಹಾಕಲು ಬಂದವರು ಗೋಡೆಗೆ ಡ್ರಿಲ್ ಇಟ್ಟರು. ಹಾಲ್ ಕಡೆ ಅಚ್ಚುಕಟ್ಟಾದ ಸಣ್ಣ ತೂತು. ಒಳಕೋಣೆಗೆ ಹೋಗಿ ನೋಡಿದರೆ ಅಲ್ಲಿ ತಟ್ಟೆಯಗಲ ಗಾರೆ ಕಿತ್ತು ಬಿದ್ದಿತ್ತು. "ಸಾರಿ ಮೇಡಂ, ಗೋಡೆ ಇಷ್ಟು ತೆಳ್ಳಗಿದೆ ಅಂತ ಗೊತ್ತಾಗ್ಲಿಲ್ಲ" ಎಂದರು. ಬೈಯಬೇಕಾಗಿದ್ದ ನಾನು ಹಾಲಿಗೂ ಕೋಣೆಗೂ ಓಡಾಡುತ್ತ ತೂತಿನ ಎರಡೂ ಮುಖಗಳನ್ನು ನೋಡುತ್ತ ನಿಂತೆ. ಹೊಕ್ಕ ಕಡೆ ಚಿಕ್ಕದು, ಹೊರಬಂದ ಕಡೆ ದೊಡ್ಡದು. ಒಂದು ಕಾಲಕ್ಕೆ ಇದೇ ನನ್ನ ಹೊಟ್ಟೆಪಾಡಾಗಿತ್ತು.

ನಗಬೇಡಿ, ನಾನು ಯುದ್ಧವಿಮಾನಗಳನ್ನು ಹೊಡೆದು ಬೀಳಿಸುವ ಕೆಲಸದಲ್ಲಿದ್ದೆ. ಜೆ.ಪಿ. ನಗರದ ಒಂದು ಮನೆಯ ಮಹಡಿಯಲ್ಲಿ ನಾವೈದಾರು ಜನ ಸೇರಿ ವಿಮಾನ ಹಾರಿಸುವ ಕಂಪ್ಯೂಟರ್ ಆಟವೊಂದನ್ನು ಕಟ್ಟುತ್ತಿದ್ದೆವು. ಗುಂಡು ತಗುಲಿದ ವಿಮಾನಕ್ಕೆ ಏನಾಗಬೇಕೆಂದು ಬರೆಯುವ ಪಾಲು ನನ್ನದು. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನೂ ಮುಖ ತಿರುಗಿಸಿಕೊಂಡು ಹಚ್ಚುವ ಗದಗಿನ ಹುಡುಗಿಗೆ ಈ ಕೆಲಸ ಯಾಕೆ ಕೊಟ್ಟರೋ, ನನಗೆ ಇಂದಿಗೂ ಗೊತ್ತಿಲ್ಲ.

ಹಳೆಯ ಆಟಗಳಲ್ಲಿ ಇದು ಸುಲಭವಿತ್ತು. ವಿಮಾನಕ್ಕೆ ಇಷ್ಟು ಆಯುಸ್ಸು ಅಂತ ಒಂದು ಅಂಕಿ. ಪ್ರತಿ ಗುಂಡಿಗೂ ಸ್ವಲ್ಪ ಸ್ವಲ್ಪ ಕಳೆಯುವುದು, ಸೊನ್ನೆಯಾದಾಗ ಢಂ ಅನ್ನಿಸುವುದು. ನಮಗೆ ಅದು ಸಾಲದು. ನಾನು ವಿಮಾನದ ಹೊಟ್ಟೆಯನ್ನು ಪೆಟ್ಟಿಗೆಗಳಾಗಿ ವಿಂಗಡಿಸಿದೆ: ಎಂಜಿನ್, ಇಂಧನದ ಟ್ಯಾಂಕು, ಪೈಲಟ್. ಗುಂಡುಗಳಲ್ಲೂ ಜಾತಿಗಳಿದ್ದವು. ತಗಡು ತೂರಿ ಹೋಗುವಂಥದ್ದು, ಬೆಂಕಿ ಹಚ್ಚುವಂಥದ್ದು, ಗುರಿ ಕಾಣಲೆಂದು ಹೊಳೆಯುತ್ತ ಹೋಗುವಂಥದ್ದು, ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿ ಪೋಣಿಸಿರುತ್ತಾರೆ. ಗುಂಡು ಗಾಳಿಯಲ್ಲಿ ವೇಗ ಕಳೆದುಕೊಳ್ಳಬೇಕು, ಒಂದಿಷ್ಟು ಕೆಳಗೆ ಬಾಗಬೇಕು, ಯಾವ ಪೆಟ್ಟಿಗೆಯನ್ನು ಹಾದುಹೋಯಿತೆಂದು ಲೆಕ್ಕ ಹಾಕಬೇಕು. ಇಷ್ಟೆಲ್ಲ ಆದಮೇಲೂ ಟ್ಯಾಂಕಿಗೆ ಬೆಂಕಿ ಹತ್ತಿತೋ ಇಲ್ಲವೋ ಎನ್ನುವುದನ್ನು ಒಂದು ದಾಳಕ್ಕೆ ಬಿಟ್ಟಿದ್ದೆ. ಅಷ್ಟು ವಿಜ್ಞಾನದ ಕೊನೆಗೆ ಒಂದು ಪಗಡೆಯಾಟ.

ನಮ್ಮ ಕಂಪನಿಯ ಯಜಮಾನ ಹರೀಶ ಒಂದು ದಿನ ಜಯನಗರದಿಂದ ರಾವ್ ಅವರನ್ನು ಕರೆತಂದ. ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು, ಯುದ್ಧ ಕಂಡವರು. ಆಟ ನೋಡಿ ತಪ್ಪು ಹೇಳಲಿ ಎಂದು. ರಾವ್ ಸರ್ ಎರಡು ಸುತ್ತು ಗುಂಡು ಹಾರಿಸಿದರು, ಎದುರಿನ ವಿಮಾನ ಸಿಡಿದು ಚೂರಾಯಿತು. ಅವರು ನನ್ನ ಕಡೆ ತಿರುಗಿದರು.

"ಏನಮ್ಮ ಇದು, ವಿಮಾನಾನೋ ತೆಂಗಿನಕಾಯೋ? ನನ್ನ ರೆಕ್ಕೆ ಜರಡಿ ಆಗಿತ್ತು. ಆದ್ರೂ ಮನೆಗೆ ಬಂದೆ."

ರೆಕ್ಕೆಯನ್ನು ಗಟ್ಟಿ ಮಾಡಿದೆ. ಆಡಿ ನೋಡುವ ಹುಡುಗರು ಗಲಾಟೆ ಎಬ್ಬಿಸಿದರು. "ಗುರು, ಹೊಡೀತಾನೇ ಇದೀವಿ, ಬೀಳ್ತಾನೇ ಇಲ್ಲ!" ಮತ್ತೆ ಸಡಿಲಿಸಿದೆ. ರಾವ್ ಸರ್ ಮತ್ತೆ ತೆಂಗಿನಕಾಯಿ ಎಂದರು. ಯಾರ ಮಾತು ನಿಜವೆಂದು ತಿಳಿಯದೆ ವಾರಗಟ್ಟಲೆ ಬಿಗಿ ಮಾಡುತ್ತ ಸಡಿಲಿಸುತ್ತ ಕೂತೆ.

ಆಮೇಲೊಂದು ಮಧ್ಯಾಹ್ನ, ಉಳಿದವರು ಊಟಕ್ಕೆ ಇಳಿದಿದ್ದಾಗ, ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ನಾನು ಹೇಳಿದ ಹಾಗೆ ಒಂದು ಸೀನ್ ಹಾಕಕ್ಕಾಗತ್ತಾ?"

ಎರಡು ವಿಮಾನಗಳು. ಒಂದರಲ್ಲಿ ಅವರು, ಇನ್ನೊಂದರಲ್ಲಿ ಅವರ ಗೆಳೆಯ ಮೋಹನ. ಮೋಹನ ಬಲಗಡೆ ಹಾರುತ್ತಿದ್ದ. ಕಣ್ಣಿಗೆ ಬಿಸಿಲು ಹೊಡೆಯುತ್ತಿದೆ ಎಂದು ರೇಡಿಯೋದಲ್ಲಿ ಗೊಣಗಿದ. "ಹಂಗಾದ್ರೆ ಎಡಕ್ಕೆ ಬಾ" ಅಂದರು ಇವರು. ಅವನು ಬಂದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ, ಎಡಗಡೆಯಿಂದಲೇ, ಶತ್ರುವಿಮಾನ ಎರಗಿತು.

"ನನಗೆ ಅಷ್ಟೊಂದು ಬಿತ್ತು. ಅವನಿಗೆ ಒಂದೋ ಎರಡೋ. ಅವನದೇ ಹತ್ಕೊಂಡ್ತು. ಅವನು ಬಲಗಡೇನೇ ಇದ್ದಿದ್ರೆ?"

ಅವರು ಹೇಳಿದ ಎತ್ತರ, ವೇಗ, ಅಂತರ ಎಲ್ಲ ತುಂಬಿ ಓಡಿಸಿದೆ. ಮೋಹನ ಬಿದ್ದ. ಹಾಗೆಯೇ ಮತ್ತೆ ಓಡಿಸಿದೆ. ರಾವ್ ಸರ್ ಬಿದ್ದರು. ಮೋಹನನನ್ನು ಬಲಕ್ಕೆ ಹಾಕಿದೆ. ಒಮ್ಮೆ ಉಳಿದ, ಇನ್ನೊಮ್ಮೆ ಅಲ್ಲೂ ಬಿದ್ದ.

"ಇದರಲ್ಲಿ ಯಾವುದು ಸರಿ?"

"ಎಲ್ಲಾನೂ ಸರೀನ ರೀ ಸರ. ದಾಳ ಬಿದ್ದಂಗ ಆಗ್ತದ."

"ದಾಳ ಹಾಕೋದು ಯಾರು?"

"ಬರದಾಕಿ ನಾನ ರೀ. ಆದ್ರ ಏನ್ ಬೀಳ್ತದ ಅಂತ ನನಗೂ ಗೊತ್ತಾಗಂಗಿಲ್ಲ."

ಅವರಿಗೆ ಸಿಟ್ಟು ಬಂತೋ ಸಮಾಧಾನವಾಯಿತೋ, ಮುಖ ನೋಡಿ ಹೇಳುವಂತಿರಲಿಲ್ಲ. "ಇನ್ನೊಂದ್ ಸಲ" ಎಂದರು. ಆ ಸಲ ಎರಡು ವಿಮಾನಗಳೂ ತೂತು ಬಿದ್ದ ಮೈಯಲ್ಲೇ ತಿರುಗಿ ಬಂದು ರನ್‌ವೇಯಲ್ಲಿ ಇಳಿದವು, ನಿಂತವು. ಇನ್ನೊಮ್ಮೆ ಓಡಿಸಲು ಬೆರಳು ಇಡಹೋದೆ, ಅವರು ನನ್ನ ಕೈ ತಡೆದರು. ಇಬ್ಬರೂ ಪರದೆ ನೋಡುತ್ತ ಕೂತೆವು. ಏನೂ ಆಗಲಿಲ್ಲ.

"ಇವರು ಕೆಳಗಿಳಿಯಲ್ವಾ?"

ಇಳಿಯುವುದಿಲ್ಲ. ಸಾಯುವ ಬಗೆಗಳನ್ನು ಅಷ್ಟು ಮುತುವರ್ಜಿಯಿಂದ ಬರೆದಿದ್ದ ನಾವು, ಬದುಕಿ ಬಂದವನು ಕಾಕ್‌ಪಿಟ್ಟಿನ ಗಾಜಿನ ಮುಚ್ಚಳ ತೆಗೆದು ಹೊರಬರುವುದನ್ನು ಬರೆದೇ ಇರಲಿಲ್ಲ.

ಅದನ್ನು ಬರೆಯಲು ಕೂತೆ. "ಯಾರು ನೋಡ್ತಾರೆ ಅದನ್ನ? ಗನ್ ಸರಿ ಮಾಡು ಮೊದ್ಲು" ಎಂದು ಹರೀಶ ರೇಗಿದ. ಗನ್ನನ್ನೂ ಸರಿ ಮಾಡುತ್ತ ಇದನ್ನೂ ಮುಗಿಸಿದೆ. ಅಷ್ಟರಲ್ಲಿ ರಾವ್ ಸರ್ ಮಂಡಿನೋವೆಂದು ಬರುವುದು ನಿಲ್ಲಿಸಿದ್ದರು. ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೇ ಹೋದೆ. ದಾಳ ತೆಗೆದುಹಾಕಿ, ಇಬ್ಬರೂ ಉಳಿಯುವ ಹಾಗೆ ಮಾಡಿಕೊಂಡೇ ಹೋಗಿದ್ದೆ. ಅದನ್ನು ಅವರಿಗೆ ಮೊದಲೇ ಹೇಳಿದೆ. "ಗೊತ್ತಾಯ್ತು, ಹಾಕಮ್ಮ" ಎಂದರು.

ಎಡಗಡೆಯ ವಿಮಾನದ ಮುಚ್ಚಳ ತೆರೆಯಿತು. ಒಬ್ಬ ಇಳಿದು ರೆಕ್ಕೆಯ ಪಕ್ಕ ನಿಂತ. ಕಾಫಿ ತಂದ ಅವರ ಹೆಂಡತಿ ಹಿಂದೆಯೇ ನಿಂತು ನೋಡಿದರು.

"ಯಾರ್ರೀ ಇದು?"

"ಮೋಹನ."

ಆಕೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಮೋಹನ ಇಷ್ಟು ಎತ್ತರ ಇರ್ಲಿಲ್ಲಪ್ಪ."

ಮೂವರೂ ನಕ್ಕೆವು. ನಗುತ್ತಲೇ ರಾವ್ ಸರ್ ಎದ್ದು ಒಳಗೆ ಹೋದರು, ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ಆ ಆಟ ಬಿಡುಗಡೆಯಾಗಲಿಲ್ಲ. ಆಫೀಸು ಮುಚ್ಚಿತು, ನಾನು ಬೇರೆ ಕೆಲಸ ಹಿಡಿದೆ. ಅವತ್ತು ಯಾಕೆ ಎದ್ದು ಹೋದಿರೆಂದು ರಾವ್ ಸರ್ ಅವರನ್ನು ಕೇಳಬೇಕೆಂದುಕೊಂಡು ಕೇಳದೆ ಉಳಿದೆ.

ಮೊನ್ನೆ ಕರ್ಟನ್ನಿನವರು ಹೋದಮೇಲೆ ಅವರಿಗೆ ಫೋನ್ ಮಾಡಿದೆ. ಗುರುತು ಹಿಡಿದರು. ಸುತ್ತಿಬಳಸದೆ ಕೇಳಿದೆ, ಅವತ್ತು ನಾನು ಮಾಡಿದ್ದು ತಪ್ಪೇನ್ರಿ ಸರ ಅಂತ.

"ಮುಂಚೆ ಅವನನ್ನ ನೆನೆಸ್ಕೊಂಡ್ರೆ ಬೆಂಕಿ ಕಾಣೋದು. ಈಗ ಅವನು ಇಳಿದು ನಿಂತಿರೋದು ಕಾಣತ್ತೆ. ಯಾವುದು ನಡೆದಿದ್ದು ಅಂತ ಗೊತ್ತು, ತಲೆ ಸರಿಯಾಗೇ ಇದೆ. ಆದ್ರೆ ಆ ಉದ್ದದವನು ಯಾರು, ಅವನ ಹತ್ರ ಏನ್ ಮಾತಾಡ್ಬೇಕು, ತಿಳಿಯಲ್ಲಮ್ಮ. ಒಳ್ಳೇದು ಮಾಡ್ದೆಯೋ ಕೆಟ್ಟದ್ದು ಮಾಡ್ದೆಯೋ, ನೀನೇ ಹೇಳು."

ಭಾನುವಾರ ಬರ್ತೀನ್ರಿ ಸರ, ಅಂದೆ. ಬಾ, ಅಂದರು.