ಮೇಲಿನ ಮನೆಯ ಸೆತಾರ್

ಅಮೆರಿಕದ ಡಿಯರ್‌ಬಾರ್ನ್‌ನ ಆ ಅಪಾರ್ಟ್‌ಮೆಂಟಿನಲ್ಲಿ ನಮ್ಮ ತಲೆಯ ಮೇಲಿನ ಮನೆ ಇರಾನಿನವರದು. ಮಗ ನನ್ನ ಹಾಗೆಯೇ ಕಾರು ಕಂಪನಿಯ ಇಂಜಿನಿಯರ್. ಅವನನ್ನು ನೋಡಿಹೋಗಲು ಬಂದಿದ್ದ ಅಪ್ಪ ದಿನಾ ಸಂಜೆ ಸೆತಾರ್ ನುಡಿಸುತ್ತಿದ್ದರು. ಹೆಸರು ಕೇಳಿ ನಮ್ಮ ಸಿತಾರ್ ಅಂದುಕೊಳ್ಳಬೇಡಿ. ಇದು ಮಡಿಲಲ್ಲಿ ಕೂಸಿನಷ್ಟೇ ಜಾಗ ಹಿಡಿಯುವ, ಉದ್ದ ಕತ್ತಿನ, ನಾಲ್ಕೇ ತಂತಿಯ ವಾದ್ಯ. ಬಲಗೈ ತೋರುಬೆರಳಿನ ಉಗುರು ಬೆಳೆಸಿ, ಅದರಿಂದಲೇ ಮೀಟುತ್ತಾರೆ. ಮೈಸೂರಿನಲ್ಲಿ ನಮ್ಮಮ್ಮನೂ ವೀಣೆಯನ್ನು ಬರೀ ಉಗುರಿನಲ್ಲೇ ಮೀಟುತ್ತಿದ್ದಳು. ಆಫೀಸಿನಿಂದ ಬಂದವನು ಬೂಟು ಕೂಡ ಬಿಚ್ಚದೆ, ಛಾವಣಿಯಿಂದ ಸಣ್ಣಗೆ ಇಳಿಯುವ ಆ ನಾದ ಕೇಳುತ್ತ ಕೂತುಬಿಡುತ್ತಿದ್ದೆ.

ಎಪ್ಪತ್ತರ ದಶಕದ ಮೊದಲಲ್ಲಿ, ಒಂದು ಚಳಿಗಾಲ, ಅಮ್ಮ ಹೋದಳೆಂದು ಟೆಲಿಗ್ರಾಂ ಬಂತು. ಅದು ನನ್ನ ಕೈಸೇರುವಷ್ಟರಲ್ಲಿ ತಮ್ಮ ದಹನ ಮುಗಿಸಿದ್ದ. ಇನ್ನು ಹೋಗಿ ಯಾರ ಮುಖ ನೋಡಲಿ? ಇಲ್ಲೇ ಸೂತಕ ಹಿಡಿದೆ. ಅಳು ಮಾತ್ರ ಬರಲಿಲ್ಲ. ಎದೆಯ ಮೇಲೆ ಕಲ್ಲು ಹೇರಿದಂತಿತ್ತು. ಮೇಲಿನ ಸೆತಾರ್ ಒಂದು ಸಲ ಕೇಳಿಸಿದರೆ ಅತ್ತು ಹಗುರಾದೇನು ಅನ್ನಿಸಿತು. ಸಂಜೆಯಾಯಿತು, ಸದ್ದಿಲ್ಲ. ಮಾರನೆಯ ಸಂಜೆಯೂ ಇಲ್ಲ.

"ಲಾಂಡ್ರಿ ರೂಮಲ್ಲಿ ಅವರ ಮಗ ಸಿಕ್ಕಿದ್ದ, ನಾನೇ ಹೇಳ್ದೆ," ಅಂದಳು ಹೆಂಡತಿ. "ಸೂತಕದಲ್ಲಿ ನಮ್ಮಲ್ಲಿ ಸಂಗೀತ ಇರಲ್ಲ, ಶೇವ್ ಮಾಡಲ್ಲ, ಉಗುರು ತೆಗೆಯಲ್ಲ, ಹತ್ತನೇ ದಿನ ಎಲ್ಲಾ ತೆಗೀತಾರೆ ಅಂತ."

"ಸೂತಕ ನಮಗೆ ತಾನೆ? ಅವರ ಕೈ ಯಾಕೆ ಕಟ್ಟಿ ಹಾಕ್ದೆ?"

"ನಾನೆಲ್ಲಿ ಕಟ್ಟಿ ಹಾಕ್ದೆ? ಅವರೇ ನಿಲ್ಸಿದಾರೆ. ಬೇಕಿದ್ರೆ ಹೋಗಿ ಕೇಳಿ."

ಸೂತಕದವನು ಇನ್ನೊಬ್ಬರ ಮನೆಯ ಮೆಟ್ಟಿಲು ಹತ್ತುವುದು ಹೇಗೆ? ಅದು ಗೊತ್ತಿದ್ದೇ ಹೇಳಿದ್ದಳು. ಹಲ್ಲು ಕಚ್ಚಿಕೊಂಡು ಕಾದೆ.

ಹತ್ತನೆಯ ದಿನ ಬಾತ್‌ಟಬ್ಬಿನ ಅಂಚಿನಲ್ಲಿ ಕೂತು ತಲೆ ಬೋಳಿಸಿಕೊಂಡೆ, ಉಗುರು ತೆಗೆದೆ. ಕರ್ಮವೆಲ್ಲ ಮುಗಿದ ಸಂಜೆಯೇ ಮೇಲಿನ ಮನೆಗೆ ಓಡಿದೆ. ಅಲ್ಲಿ ನೋಡಿದರೆ ಹಾಲಿನ ತುಂಬ ಸೂಟ್‌ಕೇಸುಗಳು. ಮುದುಕರು ಮಾರನೆಯ ದಿನ ಊರಿಗೆ ಹೊರಟಿದ್ದರು.

ಒಂದೇ ಒಂದು ಸಲ ನುಡಿಸಲು ಹೇಳು ಎಂದು ಮಗನನ್ನು ಬೇಡಿಕೊಂಡೆ. ಅವನು ತಮ್ಮ ಭಾಷೆಯಲ್ಲಿ ಹೇಳಿದ. ಮುದುಕರು ನನ್ನ ಬೋಳುತಲೆಯನ್ನು ನೋಡಿ, ಬಲಗೈ ಚಾಚಿದರು. ತೋರುಬೆರಳಿನ ಉಗುರನ್ನು ಬುಡದವರೆಗೂ ಕತ್ತರಿಸಿಬಿಟ್ಟಿದ್ದರು.

"ಹತ್ತನೇ ದಿನ ಉಗುರು ತೆಗೀಬೇಕು ಅಂತ ನಿಮ್ಮ ಹೆಂಡತಿ ಹೇಳಿದ್ದರಲ್ಲ," ಎಂದ ಮಗ. "ಕೆಳಗಿನ ಮನೆಯವನ ತಾಯಿ ಹೋಗಿದ್ದಾಳೆ, ನಾನೊಬ್ಬ ಇಟ್ಟುಕೊಂಡಿರಲಾ ಅಂದರು ಅಪ್ಪ. ಅದು ಮತ್ತೆ ಬೆಳೆಯೋಕೆ ತಿಂಗಳುಗಟ್ಟಲೆ ಬೇಕು."

ಅಯ್ಯೋ ಮಹಾರಾಯ, ಅದು ಹೆತ್ತ ಮಕ್ಕಳಿಗೆ, ನಿಮಗಲ್ಲ ಎನ್ನಬೇಕೆಂದಿದ್ದೆ. ಆ ಬೆರಳನ್ನೇ ಹಿಡಿದುಕೊಂಡೆ.

ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆತಾರನ್ನು ಮಡಿಲಿಗೆ ತೆಗೆದುಕೊಂಡರು. ಬೆರಳ ತುದಿಯ ಬರೀ ಮಾಂಸದಿಂದಲೇ ಮೀಟಿದರು. ತಂತಿ ಅಲುಗಿತೇ ಹೊರತು ನಾದ ಕಿವಿಯ ತನಕ ಬರಲಿಲ್ಲ. ನಾನು ಬಗ್ಗಿ ಅದರ ಬುರುಡೆಗೆ ಕಿವಿ ಹಚ್ಚಿದೆ, ಚಿಕ್ಕಂದಿನಲ್ಲಿ ಅಮ್ಮನ ವೀಣೆಯ ಕೊಡಕ್ಕೆ ಹಚ್ಚುತ್ತಿದ್ದ ಹಾಗೆ. ಒಳಗೆ ಎಲ್ಲೋ ದೂರದಲ್ಲಿ ಕೇಳಿಸಿತು. ಅಮ್ಮ ಹೋದ ಮೇಲೆ ಆವತ್ತೇ ಮೊದಲು ನಾನು ಅತ್ತದ್ದು. ಮುದುಕರು ನನ್ನ ಕಡೆ ನೋಡಲಿಲ್ಲ, ನುಡಿಸುವುದನ್ನೂ ನಿಲ್ಲಿಸಲಿಲ್ಲ.