ಹಿಮಾಲಯದ ದಾರಿಯಲ್ಲಿ ಕುಚ್ಚಲಕ್ಕಿ

ಮನುಷ್ಯನ ದೊಡ್ಡ ಸಂಕಲ್ಪಗಳಿಗೆ ಅಡ್ಡ ಬರುವುದು ವಿಧಿ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಯ ಮಟ್ಟಿಗೆ ಅಡ್ಡ ಬಂದದ್ದು ಕುಚ್ಚಲಕ್ಕಿ. ಹಬ್ಬುವಾಡದ ನನ್ನ ಈಗಿನ ಮನೆಯಲ್ಲಿ ಕುಕ್ಕರಿನ ಸೀಟಿಯೊಂದಿಗೆ ಆ ಅಕ್ಕಿಯ ಬೆಚ್ಚನೆಯ, ನೆನೆದ ಹುಲ್ಲಿನಂಥ ವಾಸನೆ ಹೊರಬಿದ್ದಾಗಲೆಲ್ಲ ಅಡುಗೆಮನೆ ಮರೆಯಾಗಿ, ಹೆದ್ದಾರಿಯ ಬದಿಯ ಯಾವುದೋ ಬೇವಿನ ಮರದ ಕೆಳಗೆ ಸೆರಗಿನಿಂದ ಗಾಳಿಗೆ ಮರೆಮಾಡಿಕೊಂಡು ಸೀಮೆಎಣ್ಣೆ ಸ್ಟೋವಿಗೆ ಪಂಪು ಹೊಡೆಯುತ್ತಿರುವ ಅಮ್ಮ ಕಾಣುತ್ತಾಳೆ. ಅವಳ ಮುಖದಲ್ಲಿ ಭಕ್ತಿ ಇಲ್ಲ.

ಆಗ ನಾವಿದ್ದದ್ದು ಅಂಕೋಲೆಯಲ್ಲಿ. ಅಪ್ಪನ ತಾಯಿಯನ್ನು ಮನೆಮಂದಿಯೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು. ಆಯಿ ಮೈಯಲ್ಲಿ ಶಕ್ತಿ ಇರುವ ತನಕ ಉಪ್ಪಿನ ಆಗರದಲ್ಲಿ ದುಡಿದವಳು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಿಮದ ಬೆಟ್ಟ ಕಂಡ ದಿನ ಬಹಳ ಹೊತ್ತು ನಿಂತು ನೋಡಿ, "ಇಷ್ಟ್ ಉಪ್ಪು ಯಾರು ಎಳ್ದು ರಾಶಿ ಹಾಕಿದ್ರೋ?" ಎಂದಳು. ಅದು ಉಪ್ಪಲ್ಲ, ನೀರೇ ಹೆಪ್ಪುಗಟ್ಟಿದ್ದು ಎಂದು ತಿಳಿಸಿದರೆ ನಂಬಲಿಲ್ಲ. "ಒಂದ್ಸಲ ಕೈಯಲ್ಲಿ ಹಿಡ್ದು ನೋಡ್ಬೇಕು" ಎಂದಳು. ತನಗಾಗಿ ಏನನ್ನೂ ಕೇಳದ ಹೆಂಗಸು ಕೇಳಿದ ಒಂದೇ ಒಂದು ವಸ್ತು ಅದು. ಅಪ್ಪ ಹದಿನಾರು ದಿನ ರಜೆ ಹಾಕಿದ. ಅಪ್ಪನ ತಮ್ಮ, ನಮ್ಮ ಕಾಕಾ, ತನ್ನ ಹಳೆಯ ಜೀಪು ತೊಳೆಸಿದ. ಬೇಸಿಗೆಯ ಒಂದು ಬೆಳಿಗ್ಗೆ ಐದು ಜನ, ಒಂದು ಸ್ಟೋವು, ಮಾವಿನ ಮಿಡಿಯ ಭರಣಿ, ಒಣ ಸಿಗಡಿ ಚಟ್ನಿಯ ಡಬ್ಬಿ ಮತ್ತು ಒಂದು ಚೀಲ ಕುಚ್ಚಲಕ್ಕಿ ಹಿಮಾಲಯದತ್ತ ಹೊರಟವು.

"ಆಯಿಗೆ ಗಂಜಿ ಇಲ್ದೆ ಆಗೂದಿಲ್ಲ" ಎಂಬುದು ಅಪ್ಪನ ವೇದವಾಕ್ಯ. ಕುಕ್ಕರಿನಲ್ಲಿ ಬೆಂದದ್ದು ಗಂಜಿಯಲ್ಲ ಎಂಬುದು ಅದರ ಭಾಷ್ಯ. ಹೀಗಾಗಿ ಹುಬ್ಬಳ್ಳಿ ದಾಟಿದ್ದೇ ನಿಂತೆವು. ಮರುದಿನ ನಿಂತೆವು. ಮಹಾರಾಷ್ಟ್ರದಲ್ಲಿ ನಿಂತೆವು, ಮಧ್ಯಪ್ರದೇಶದಲ್ಲಿ ಎರಡೆರಡು ಹೊತ್ತು ನಿಂತೆವು. ನೀರು ಹುಡುಕಬೇಕು, ಸ್ಟೋವು ಹೊತ್ತಬೇಕು, ಆ ಅಕ್ಕಿ ತನಗೆ ಮನಸ್ಸು ಬಂದಾಗ ಬೇಯಬೇಕು, ಪಾತ್ರೆ ತೊಳೆಯಬೇಕು. ಪಕ್ಕದ ಢಾಬಾದಿಂದ ಬಿಸಿ ರೊಟ್ಟಿಯ ಪರಿಮಳ ತೇಲಿ ಬರುತ್ತಿತ್ತು. ನಾನು ಅತ್ತ ತಿರುಗಿದರೆ ಅಪ್ಪ ಕೆಮ್ಮುತ್ತಿದ್ದ. ಕಾಕಾ ಮಾತ್ರ ಜೀಪಿಗೆ ಒರಗಿ, "ಅಣ್ಣಾ, ನಿನ್ನ ಗಂಜಿ ಬೇಯೂದ್ರೊಳ್ಗೆ ಹಿಮ ಕರ್ಗಿ ನಮ್ಮ ಅಂಕೋಲೆಗೇ ಬತ್ತದೆ ನೋಡು" ಎನ್ನುತ್ತಿದ್ದ. ಆಯಿ ಬಟ್ಟಲು ಕೈಯಲ್ಲಿ ಹಿಡಿದು ಉತ್ತರದ ಕಡೆ ನೋಡುತ್ತ ಉಣ್ಣುತ್ತಿದ್ದಳು.

ಹೃಷಿಕೇಶ ಮುಟ್ಟಿದಾಗ ಎಂಟನೆಯ ದಿನದ ಸಂಜೆ. ಇನ್ನೊಂದು ಹಗಲು ಬೆಟ್ಟ ಹತ್ತಿದರೆ ಹಿಮ ಕೈಗೆ ಸಿಗುತ್ತದೆ ಎಂದು ಚಹದಂಗಡಿಯವನು ಹೇಳಿದ. ಅಪ್ಪ ಬೆರಳು ಮಡಿಸಿ ಎಣಿಸಿದ. ಬರಲು ಎಂಟು ದಿನ ಹಿಡಿದಿತ್ತು, ಹೋಗಲೂ ಎಂಟು ಬೇಕು. ಕಚೇರಿಗೆ ಒಂದು ದಿನವೂ ತಡವಾಗಿ ಹೋಗಿ ಗೊತ್ತಿಲ್ಲದ ಮನುಷ್ಯ. "ಮುಂದಿನ ವರ್ಷ ಬರ್ವಾ ಆಯಿ" ಎಂದ. "ಆಯ್ತು ಮಗಾ" ಎಂದಳು ಆಯಿ. ಗಂಗೆಯಲ್ಲಿ ಕೈ ಅದ್ದಿ, "ತಂಪದೆ" ಎಂದಷ್ಟೇ ಹೇಳಿದಳು.

ತಿರುಗಿ ಹೊರಟ ದಿನವೇ ಅಕ್ಕಿ ಚೀಲ ಬರಿದಾಯಿತು. ಢಾಬಾದ ಹಗ್ಗದ ಮಂಚದ ಮೇಲೆ ಕೂತು ಆಯಿ ಮೂರು ರೊಟ್ಟಿ ತಿಂದಳು, ನಾಲ್ಕನೆಯದಕ್ಕೆ ಕೈ ಚಾಚಿದಳು. ಅಪ್ಪ ದಂಗಾಗಿ, "ನಿಂಗೆ ಗಂಜಿ ಬೇಡಾಗಿತ್ತೇನೆ?" ಎಂದ.

"ನಾ ಯಾವಾಗ ಬೇಕು ಅಂದಿದ್ದೆ ಮಾರಾಯ? ನಿಂಗೇ ಬೇಕೇನೋ, ಮಗ ಹಸ್ಕೊಂಡಿರೂದು ಬೇಡ ಅಂತ ಸುಮ್ನಿದ್ದೆ."

ಅಮ್ಮ ಎದ್ದು ಹೋಗಿ ಜೀಪಿನ ಹಿಂದೆ ನಿಂತಳು. ಅತ್ತಳೋ ನಕ್ಕಳೋ ಇವತ್ತಿಗೂ ನನಗೆ ತಿಳಿದಿಲ್ಲ. ಕಾಕಾ ಕೀಲಿ ಅಲ್ಲಾಡಿಸುತ್ತ, "ತಿರ್ಗಿಸ್ಲಾ?" ಎಂದ. ಅಪ್ಪ ಮತ್ತೊಮ್ಮೆ ಬೆರಳು ಮಡಿಸಿದ, ಬಿಡಿಸಿದ, ಬೇಡವೆಂದ.

ಅವರಲ್ಲಿ ಯಾರೂ ಈಗಿಲ್ಲ. ಜೀಪು ಗುಜರಿಗೆ ಹೋಯಿತು, ಅಂಕೋಲೆಯ ಮನೆಯಿದ್ದಲ್ಲಿ ಹೆದ್ದಾರಿ ಅಗಲವಾಗಿದೆ. ನನಗೆ ಆಯಿ ಉಂಡ ಆ ಒಂದೊಂದು ಬಟ್ಟಲು ಗಂಜಿಯ ಮೇಲೂ ಇನ್ನೂ ಸಿಟ್ಟಿದೆ. ಆದರೂ ವಾರಕ್ಕೆರಡು ಸಲ ಅದನ್ನೇ ಬೇಯಿಸುತ್ತೇನೆ.

ಗಂಜಿಯಿಲ್ಲದ ವಾಪಸು ದಾರಿ ಐದೇ ದಿನಕ್ಕೆ ಮುಗಿಯಿತು. ಅಪ್ಪನ ರಜೆ ಇನ್ನೂ ಮೂರು ದಿನ ಉಳಿದಿತ್ತು. ಆಯಿ ಹಿಮ ನೋಡಲಿಲ್ಲ.